ಮಳೆನೀರು ಮೊದಲು ಸಂಪಿಗೆ, ಉಳಿದದ್ದು ಇಂಗುಬಾವಿಗೆ. ಕೊಳವೆಬಾವಿಗೆ ಬೇಡವೇ ಬೇಡ

ಮಳೆಕೊಯ್ಲು ಮಾಡಿಸಿದ ಎಷ್ಟೋ ಮನೆಗಳಲ್ಲಿ ಪೈಪ್ ಇದೆ, ಫಿಲ್ಟರ್ ಇದೆ, ಗುಂಡಿಯೂ ಇದೆ. ಸಂಪಿಗೆ ಮಾತ್ರ ಒಂದು ಕೊಡ ಮಳೆನೀರು ಸೇರುತ್ತಿಲ್ಲ. ಇನ್ನು ಕೆಲವು ಮನೆಗಳಲ್ಲಿ ಅದಕ್ಕಿಂತ ಕೆಟ್ಟದ್ದು ನಡೆದಿದೆ. ತಾರಸಿಯ ಕೊಳೆನೀರನ್ನು ನೇರವಾಗಿ ಕೊಳವೆಬಾವಿಯ ಬಾಯಿಗೆ ಬಿಟ್ಟು, ಅಂತರ್ಜಲ ಹೆಚ್ಚಿಸಿದೆವೆಂದು ನೆಮ್ಮದಿಯಾಗಿದ್ದಾರೆ. ಮುಂಗಾರು ಹತ್ತಿರವಾಗುತ್ತಿರುವಾಗ ಈ ಎರಡನ್ನೂ ಸರಿಪಡಿಸಿಕೊಳ್ಳಲು ಸಮಯವಿದೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪೈಪಿನಲ್ಲಿ ಹರಿದು, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂದು ಮಳೆಕೊಯ್ಲು ಕಡ್ಡಾಯವಾಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಡಾವಣೆಗಳು ಟ್ಯಾಂಕರ್‌ಗೆ ಕಾದು ನಿಂತವು. ನೆಲ ಒಳಗೆಳೆದುಕೊಳ್ಳುವುದಕ್ಕಿಂತ ಹೆಚ್ಚು ನೀರನ್ನು ನಾವು ಮೇಲೆತ್ತುತ್ತಿದ್ದೇವೆ. ಇದು ಹೆಚ್ಚು ದಿನ ನಡೆಯುವ ಬದುಕಲ್ಲ. ಇನ್ನು ಕೆಲಸಕ್ಕೆ ಬರೋಣ.

1. ಲೆಕ್ಕ ಹಾಕಿ

1,000 ಚದರಡಿ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 93 ಲೀಟರ್ ನೀರು. ಒಣ ಸಿಮೆಂಟು ಹೀರುವುದು, ಆವಿಯಾಗುವುದು, ಮೊದಲ ಕೊಳೆನೀರನ್ನು ಚೆಲ್ಲುವುದು ಎಲ್ಲ ಕಳೆದರೆ ನೂರಕ್ಕೆ 80 ಪಾಲು ಕೈಗೆ ಸಿಗುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಅಂದರೆ ಇಂಥದೊಂದು ತಾರಸಿಗೆ ವರ್ಷಕ್ಕೆ ಸುಮಾರು 72,000 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂದಿಟ್ಟುಕೊಂಡರೂ ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೂ ಮಿಗಿಲಾದ ನೀರು ಅದು. 600 ಮಿ.ಮೀ. ಆಸುಪಾಸಿನ ವಿಜಯಪುರದಲ್ಲಿ ಅದೇ ತಾರಸಿಗೆ 44,000 ಲೀಟರ್ ದಾಟುತ್ತದೆ. ಮಳೆ ಕಡಿಮೆಯಿರುವ ಊರಿಗೆ ಮಳೆಕೊಯ್ಲು ದಂಡ ಎನ್ನುವವರು ಈ ಲೆಕ್ಕ ಹಾಕಿ ನೋಡಲಿ. ಅಂಥ ಊರಿಗೇ ಇದು ಹೆಚ್ಚು ಬೇಕು.

2. ತಾರಸಿ ಗುಡಿಸಿ, ಇಳಿಜಾರು ನೋಡಿ

ತಾರಸಿಯ ಮೇಲೆ ಎರಡು ಬಕೆಟ್ ನೀರು ಸುರಿದು ನೋಡಿ. ಎಲ್ಲಾದರೂ ನಿಂತರೆ ಆ ಜಾಗಕ್ಕೆ ಗಾರೆ ಹಾಕಿಸಿ. ಪಾರಿವಾಳ ಕೂರುವ ಕಡೆ, ನಾಯಿ ಕಟ್ಟುವ ಕಡೆ ಬೀಳುವ ನೀರನ್ನು ಸಂಪಿಗೆ ಸೇರಿಸಬೇಡಿ. ತಾರಸಿ ತೋಟಕ್ಕೆ ಕೀಟನಾಶಕ ಹೊಡೆಯುವವರು ತೋಟ ಅಥವಾ ಮಳೆಕೊಯ್ಲು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

3. ಪೈಪ್

1,000 ಚದರಡಿಗೆ ನಾಲ್ಕು ಇಂಚಿನ ಎರಡು ಪೈಪ್ ಇರಲಿ. ಒಂದೇ ಇದ್ದರೆ, ಅದರ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಅಡ್ಡ ಬಂದರೂ ಸಾಕು, ತಾರಸಿ ಕೆರೆಯಾಗುತ್ತದೆ. ಬಾಯಿಗೆ ಉಬ್ಬಿದ ಜಾಲರಿ ಹಾಕಿ. ಚಪ್ಪಟೆ ಜಾಲರಿಯ ಮೇಲೆ ಎಲೆ ಅಂಟಿ ಕೂರುತ್ತದೆ. ಕೆಳಗೆ ಬಂದ ಪೈಪುಗಳನ್ನೆಲ್ಲ ಒಂದೇ ಫಿಲ್ಟರಿಗೆ ಕೂಡಿಸಿ.

4. ಮೊದಲ ನೀರನ್ನು ಚೆಲ್ಲಿ

ಬಿಸಿಲುಗಾಲದ ಧೂಳು, ಹಕ್ಕಿಯ ಹಿಕ್ಕೆ, ವಾಹನದ ಹೊಗೆಯ ಮಸಿ, ಎಲ್ಲವೂ ಮಳೆಯ ಮೊದಲ ಒಂದೆರಡು ಮಿ.ಮೀ. ಜತೆ ಇಳಿಯುತ್ತದೆ. 1,000 ಚದರಡಿಗೆ ಅದು 100ರಿಂದ 200 ಲೀಟರ್. ಹೆಚ್ಚಿನ ಪ್ಲಂಬರ್‌ಗಳು ಇದಕ್ಕಾಗಿ ಮೂರಡಿ ಪೈಪಿನ ತುಂಡೊಂದನ್ನು ತೂಗಿಬಿಡುತ್ತಾರೆ. ಅದರಲ್ಲಿ ಹಿಡಿಯುವುದು ಏಳೆಂಟು ಲೀಟರ್. ಅದು ಕಣ್ಣೊರೆಸುವ ಕೆಲಸ. 200 ಲೀಟರಿನ ಮುಚ್ಚಿದ ಡ್ರಮ್ಮೊಂದನ್ನು ಟೀ ಜೋಡಣೆಯಿಂದ ಸೇರಿಸಿ. ಅದು ತುಂಬಿದ ಮೇಲಷ್ಟೇ ನೀರು ಫಿಲ್ಟರಿನತ್ತ ಹೋಗಬೇಕು. ಡ್ರಮ್ಮಿನ ತಳದ ನಲ್ಲಿ ತೊಟ್ಟಿಕ್ಕುವಷ್ಟು ತೆರೆದಿರಲಿ, ಮುಂದಿನ ಮಳೆಯ ಹೊತ್ತಿಗೆ ಅದು ಖಾಲಿಯಾಗುತ್ತದೆ. ಆ ನೀರು ಗಿಡಕ್ಕೆ ಆಗುತ್ತದೆ.

5. ಫಿಲ್ಟರ್

ಇನ್ನೊಂದು ಡ್ರಮ್ಮಿನ ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ನೈಲಾನ್ ಜಾಲರಿ, ಆಮೇಲೆ ದಪ್ಪ ಮರಳು, ಮತ್ತೆ ಜಾಲರಿ, ಕೊನೆಗೆ ಒಂದು ಹಾಸು ಜಲ್ಲಿ. ಮೇಲಿನ ಈ ಜಲ್ಲಿ ಇಲ್ಲದಿದ್ದರೆ ಬೀಳುವ ನೀರು ಮರಳನ್ನು ತೋಡಿ ಗುಳಿ ಮಾಡುತ್ತದೆ. ಮರಳು, ಜಲ್ಲಿ ಎರಡನ್ನೂ ತಿಳಿನೀರು ಬರುವತನಕ ತೊಳೆದು ತುಂಬಿ. ಸೋಸುವ ವೇಗಕ್ಕಿಂತ ಜೋರಾಗಿ ಮಳೆ ಸುರಿದಾಗ ಹೆಚ್ಚಿನ ನೀರು ಹೊರಹೋಗಲು ಮೇಲ್ಗಡೆ ಒಂದು ದಾರಿ ಬೇಕೇ ಬೇಕು. ಜಾಗ ಇಲ್ಲದವರಿಗೆ ಗೋಡೆಗೇ ಜೋಡಿಸುವ ಪಾಪ್-ಅಪ್ ಫಿಲ್ಟರ್ ಇದೆ. ಅದನ್ನು ರೂಪಿಸಿದವರು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್. ಬೆಂಗಳೂರಿನ ವಿಜಯನಗರದಲ್ಲಿ ಅವರು ಕಟ್ಟಿಕೊಂಡ ಮನೆ 1990ರ ದಶಕದಿಂದ ಮಳೆನೀರನ್ನೇ ನೆಚ್ಚಿಕೊಂಡಿದೆ. ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಆ ಮನೆಯೇ ಉತ್ತರ.

6. ಸಂಪಿನಲ್ಲಿ ಜಾಗ ಬಿಡಿ

ಮೊದಲ ಐದು ಹಂತಗಳನ್ನು ಸರಿಯಾಗಿ ಮಾಡಿದವರೂ ಇಲ್ಲಿ ಸೋಲುತ್ತಾರೆ. ಸಂಜೆ ಮೋಡ ಕಟ್ಟಿರುತ್ತದೆ, ಬೆಳಿಗ್ಗೆಯೇ ನಲ್ಲಿ ನೀರಿನಿಂದ ಸಂಪು ತುಂಬಿ ತುಳುಕುತ್ತಿರುತ್ತದೆ. ಒಂದು ಇಂಚು ಮಳೆ ಬಂದರೆ 1,000 ಚದರಡಿಗೆ ಸುಮಾರು 1,900 ಲೀಟರ್ ಬರುತ್ತದೆ, ಅದನ್ನು ಇಡುವುದೆಲ್ಲಿ? ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸಂಪನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸದಂತೆ ನಲ್ಲಿಯ ತೇಲುಬುರುಡೆಯನ್ನು ಕೆಳಗಿಳಿಸಿ. ಇದಕ್ಕೆ ಖರ್ಚಿಲ್ಲ. ಮಳೆಕೊಯ್ಲಿನಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಮತ್ತೊಂದಿಲ್ಲ ಎಂಬುದು ನನ್ನ ಅನುಭವ.

7. ಉಳಿದದ್ದು ಇಂಗುಬಾವಿಗೆ

ಸಂಪು ತುಂಬಿ ಹೊರಬರುವ ನೀರಿಗೆ ಇಂಗುಬಾವಿ. ಮೂರಡಿ ಅಗಲ, 20 ಅಡಿ ಆಳ, ಸಿಮೆಂಟ್ ಬಳೆಗಳು, ತಳಕ್ಕೆ ಕಾಂಕ್ರೀಟ್ ಇಲ್ಲ, ಮೇಲೆ ಗಟ್ಟಿ ಮುಚ್ಚಳ. ಮೇಲಿನ ಜೇಡಿಮಣ್ಣಿನ ಪದರ ದಾಟಿ ಜಲ್ಲಿ ಬೆರೆತ ಮಣ್ಣು ಸಿಗುವತನಕ ತೋಡಿಸಿ. ಬೆಂಗಳೂರಿನಲ್ಲಿ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡ ಸಮುದಾಯದವರಿದ್ದಾರೆ. ಎಲ್ಲಿ ನೀರು ಇಂಗುತ್ತದೆಂದು ಮಣ್ಣು ಮುಟ್ಟಿ ಹೇಳುವವರು ಅವರು. ಗುತ್ತಿಗೆದಾರನಿಗಿಂತ ಮೊದಲು ಅವರ ಮಾತು ಕೇಳಿ.

ಬಾವಿಯೊಳಗೆ ಕಲ್ಲು ತುಂಬಿಸಬೇಡಿ. ಖಾಲಿ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಕಲ್ಲು ತುಂಬಿದರೆ ಅದರ ಅರ್ಧವೂ ಹಿಡಿಯುವುದಿಲ್ಲ, ಹೂಳು ತೆಗೆಯಲೂ ಆಗುವುದಿಲ್ಲ. ಶೌಚಗುಂಡಿಯಿಂದ ಕನಿಷ್ಠ 30 ಅಡಿ ದೂರವಿರಲಿ. ಅಷ್ಟು ಜಾಗವಿಲ್ಲದಿದ್ದರೆ ಇಂಗುಬಾವಿಯೇ ಬೇಡ, ಇನ್ನೊಂದು ತೊಟ್ಟಿ ಕಟ್ಟಿಸಿ. ಪಾಯಕ್ಕೆ ತೀರ ಹತ್ತಿರ ತೋಡಿಸುವ ಮೊದಲು ಎಂಜಿನಿಯರನ್ನು ಕೇಳಿ.

ಕೊಳವೆಬಾವಿಗೆ ಏಕೆ ಬೇಡ?

ಈಗ ನಾನು ಮತ್ತೆ ಮತ್ತೆ ಹೇಳುವ, ಎಷ್ಟು ಹೇಳಿದರೂ ಸಾಲದ ವಿಷಯ. ಬತ್ತಿದ ಕೊಳವೆಬಾವಿಯ ಮುಚ್ಚಳ ತೆಗೆದು ತಾರಸಿಯ ಪೈಪನ್ನು ಅದರೊಳಗೆ ಇಳಿಸಿಬಿಡುವುದು ಬಹಳ ಸುಲಭ, ಖರ್ಚೂ ಇಲ್ಲ. ಆದ್ದರಿಂದಲೇ ಇದು ಎಲ್ಲೆಡೆ ನಡೆಯುತ್ತಿದೆ.

ದಕ್ಷಿಣ ಕರ್ನಾಟಕದ ನೆಲದಡಿ ಇರುವುದು ಗಟ್ಟಿ ಬಂಡೆ. ಅಲ್ಲಿ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಕೊಳವೆಬಾವಿಯ ಕೇಸಿಂಗ್ ಪೈಪ್ ಮಣ್ಣಿನ ಪದರ ಮುಗಿಯುವವರೆಗೆ ಇರುತ್ತದೆ, ಅದರ ಕೆಳಗೆ ಬರಿಯ ಬಂಡೆ. ನೀವು ಬಿಟ್ಟ ನೀರಿನ ಜತೆ ಇಳಿಯುವ ಸಣ್ಣ ಮಣ್ಣು ನೇರವಾಗಿ ಆ ಬಿರುಕುಗಳಲ್ಲಿ ಕೂರುತ್ತದೆ. ಕೂತ ಜೇಡಿಯನ್ನು ಹೊರತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಮುಂದೆಂದಾದರೂ ನೀರು ಮರಳಬಹುದಾಗಿದ್ದ ದಾರಿಯನ್ನು ನಾವೇ ಮುಚ್ಚಿದಂತಾಗುತ್ತದೆ.

ಎರಡನೆಯದು ಇನ್ನೂ ಗಂಭೀರ. ಇಂಗುಬಾವಿಯಲ್ಲಿ ನೀರು ಹತ್ತಾರು ಅಡಿ ಮಣ್ಣಿನ ಮೂಲಕ ನಿಧಾನವಾಗಿ ಇಳಿಯುತ್ತದೆ. ಆ ಪಯಣದಲ್ಲಿ ರೋಗಾಣುಗಳ ಬಹುಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಕೊಳವೆಬಾವಿಗೆ ಸುರಿದ ನೀರಿಗೆ ಆ ಸೋಸುವಿಕೆ ಇಲ್ಲ. ಹಿಕ್ಕೆ, ಕೊಳೆ ಎಲ್ಲವೂ ನೂರಾರು ಅಡಿ ಕೆಳಗಿನ ನೀರಿಗೆ ನೇರ ಬೀಳುತ್ತದೆ. ಬಿರುಕುಗಳಿಗೆ ಸೈಟಿನ ಗಡಿ ಗೊತ್ತಿಲ್ಲ. ನಿಮ್ಮ ಬಾವಿಗೆ ಬಿದ್ದದ್ದು ಪಕ್ಕದ ಮನೆಯವರ ಪಂಪಿನಲ್ಲಿ ಮೇಲೆ ಬಂದೀತು, ಅವರ ಮಕ್ಕಳು ಅದನ್ನೇ ಕುಡಿದಾರು. ಕೆಲವರು ಕಾರು ತೊಳೆದ ನೀರು, ಅಂಗಳದ ನೀರು, ಚರಂಡಿಯಂಚಿನ ನೀರನ್ನೂ ಇದಕ್ಕೆ ತಿರುಗಿಸುತ್ತಾರೆ. ಇದು ನೀರು ಉಳಿಸುವ ಕೆಲಸವಲ್ಲ, ಎಲ್ಲರ ನೀರಿಗೆ ವಿಷ ಹಾಕುವ ಕೆಲಸ.

ಫಿಲ್ಟರ್ ಇದೆಯಲ್ಲ ಎಂದು ಕೇಳುತ್ತಾರೆ. ಡ್ರಮ್ಮಿನ ಮರಳು ಕಸ, ಮಣ್ಣು ತಡೆಯುತ್ತದೆ, ರೋಗಾಣುಗಳನ್ನು ಪೂರ್ತಿ ತಡೆಯುವುದಿಲ್ಲ. ಆ ಫಿಲ್ಟರನ್ನು ಎಷ್ಟು ಮನೆಯವರು ವರ್ಷಕ್ಕೊಮ್ಮೆಯಾದರೂ ತೊಳೆಯುತ್ತಾರೆ? ಹೊಲದ ಕೊಳವೆಬಾವಿಗೆ ಮರುಪೂರಣ ಮಾಡುವ ಕ್ರಮವೇ ಬೇರೆ. ಅಲ್ಲಿ ಕೇಸಿಂಗಿನ ಸುತ್ತ ದೊಡ್ಡ ಗುಂಡಿ ತೋಡಿ, ಕೇಸಿಂಗಿಗೆ ತೂತು ಕೊರೆದು ಜಾಲರಿ ಸುತ್ತಿ, ಕಲ್ಲು, ಜಲ್ಲಿ, ಮರಳಿನ ಹಾಸು ಹಾಕುತ್ತಾರೆ. ಅದು ತಜ್ಞರು ಸ್ಥಳ ನೋಡಿ ಮಾಡಿಸಬೇಕಾದ ಕೆಲಸ. ಮೂವತ್ತು-ನಲವತ್ತರ ಸೈಟಿನಲ್ಲಿ ಇಂಗುಬಾವಿಯೇ ಸಾಕು. ಈಗಾಗಲೇ ಕೊಳವೆಬಾವಿಗೆ ಪೈಪ್ ಇಳಿಸಿದ್ದರೆ ಇವತ್ತೇ ತೆಗೆಸಿ, ಬಾಯಿಗೆ ಭದ್ರವಾದ ಮುಚ್ಚಳ ಹಾಕಿಸಿ. ತೆರೆದ ಕೊಳವೆಬಾವಿ ಮಕ್ಕಳ ಜೀವಕ್ಕೂ ಅಪಾಯ.

8. ಉಳಿದವು, ಚುಟುಕಾಗಿ

ಕುಡಿಯಲು: ಸೋಸಿದ ಮೇಲೂ ಕುದಿಸಿಯೇ ಕುಡಿಯಿರಿ. ಆಸ್ಬೆಸ್ಟಾಸ್ ಶೀಟಿನ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ.

ಸೊಳ್ಳೆ: ಡೆಂಗಿ ಹರಡುವ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಪ್ರತಿ ತೂಬಿಗೂ, ಗಾಳಿಕೊಳವೆಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಿ.

ನಿರ್ವಹಣೆ: ಮುಂಗಾರಿಗೆ ಮೊದಲು ಮರಳು ತೊಳೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಜಾಲರಿ ನೋಡಿ. ಇಂಗುಬಾವಿಯ ಹೂಳನ್ನು ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಿ. ಒಳಗಿನ ಗಾಳಿ ಕೆಟ್ಟಿರಬಹುದು, ಒಬ್ಬರನ್ನೇ ಇಳಿಸಬೇಡಿ.

ಕಣ್ಣಾರೆ ನೋಡಬೇಕೆನ್ನುವವರಿಗೆ ಬೆಂಗಳೂರಿನ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ. ಪ್ಲಂಬರನ್ನೂ ಜತೆಗೆ ಕರೆದೊಯ್ಯಿರಿ. ಎಲ್ಲವನ್ನೂ ಒಟ್ಟಿಗೆ ಮಾಡಿಸಲು ಈ ವರ್ಷ ಹಣ ಹೊಂದದಿದ್ದರೆ ತಾರಸಿ ಗುಡಿಸಿ, ಒಂದು ಪೈಪನ್ನು ಡ್ರಮ್ಮಿಗೆ ತಿರುಗಿಸಿ, ಸಂಪಿನ ತೇಲುಬುರುಡೆ ಇಳಿಸಿ. ಇಂಗುಬಾವಿ ಮುಂದಿನ ವರ್ಷಕ್ಕಿರಲಿ.