ಬೇಡ ಎನ್ನುವ ಮಿತ್ರ

 

*ಇಂದಿನ ಚಿಂತನೆ: ಕಲ್ಯಾಣಮಿತ್ರ*

ರಾಜಗೃಹದ ಸಿಗಾಲ ಎಂಬ ಯುವಕ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೂ ಕೈ ಮುಗಿಯುತ್ತಿದ್ದ. ಭಗವಾನ್ ಬುದ್ಧರು ಆ ದಿಕ್ಕುಗಳನ್ನೇ ಮನುಷ್ಯ ಸಂಬಂಧಗಳಾಗಿ ಬಿಡಿಸಿ ಹೇಳಿದರು. ಅದರಲ್ಲಿ ಉತ್ತರ ದಿಕ್ಕು ಮಿತ್ರರದು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ಉಪದೇಶವನ್ನು ಗೃಹಸ್ಥರ ವಿನಯವಾಗಿ ಕೊಟ್ಟಿದ್ದಾರೆ.

ಸಿಗಾಲೋವಾದ ಸುತ್ತದ ಪ್ರಕಾರ ಮಿತ್ರನ ವೇಷದವರು ನಾಲ್ಕು ಬಗೆ, ನಿಜವಾದ ಮಿತ್ರರೂ ನಾಲ್ಕು ಬಗೆ. ನಾವು ಒಳ್ಳೆಯದು ಮಾಡಿದರೂ ಕೆಟ್ಟದ್ದು ಮಾಡಿದರೂ ತಲೆಯಾಡಿಸುವವನು ವೇಷಧಾರಿ. ಕೆಡುಕಿನಿಂದ ತಡೆಯುವವನು, ನಮಗೆ ಗೊತ್ತಿಲ್ಲದ್ದನ್ನು ತಿಳಿಸಿಕೊಡುವವನು ನಿಜವಾದ ಮಿತ್ರ.

ದಿನದ ಬದುಕಿನಲ್ಲಿ ಇದು ಹೇಗಿರುತ್ತದೆ? ಕಳೆದ ತಿಂಗಳ ಒಂದು ಅನುಭವ ಹೇಳುತ್ತೇನೆ.

ಅವ್ವನನ್ನು ತಿಂಗಳಿಗೆ ಎರಡು ಸಲ ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊಣಕಾಲು ನೋವಿನಿಂದ ಆಕೆಗೆ ಬಸ್ ಹತ್ತಲಾಗದು. ಅದಕ್ಕೆಂದೇ ಮೂರು ವರ್ಷ ಕೂಡಿಸಿದ ಹಣದಲ್ಲಿ ಹಳೆಯ ಕಾರೊಂದನ್ನು ತರಲು ಕೊಲ್ಹಾರದಿಂದ ಹೊರಟೆ. ಜೊತೆಗೆ ಬಂದವನು ಬಾಲ್ಯದ ಗೆಳೆಯ, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ವಿಜಯಪುರ, ಅಥಣಿ, ಕಾಗವಾಡ, ಮಿರಜ ದಾಟಿ ಸಾಂಗಲಿ ಮುಟ್ಟಿದೆವು.

ಅಲ್ಲಿನ ವ್ಯಾಪಾರಿಯೊಬ್ಬರ ಬಳಿ ಬಿಳಿ ಕಾರು ಇತ್ತು. ಬಣ್ಣ ಮಿಂಚುತ್ತಿತ್ತು, ಬೆಲೆ ಕೈಗೆಟಕುವಂತಿತ್ತು. ಮಾತು ಮುಂಗಡದವರೆಗೂ ಬಂತು. ಗೆಳೆಯ ಮಾತ್ರ ಸೀಟ್ ಬೆಲ್ಟನ್ನು ಕೊನೆತನಕ ಎಳೆದ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಒಣಗಿದ ಕೆಸರಿನ ಗೆರೆ! ಕಾಲಡಿಯ ಮ್ಯಾಟ್ ಎತ್ತಿದರೆ ಸೀಟಿನ ಬೋಲ್ಟುಗಳಿಗೆಲ್ಲ ತುಕ್ಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಸಾಂಗಲಿಯೊಳಗೆ ನುಗ್ಗಿದ್ದು ನಮಗೆಲ್ಲ ನೆನಪಿದೆ. ನೀರಲ್ಲಿ ಮುಳುಗಿದ ಗಾಡಿಯ ವೈರಿಂಗ್ ಒಳಗೊಳಗೇ ಕೆಡುತ್ತದೆ. ಯಾವಾಗ, ಎಲ್ಲಿ ಕೈಕೊಡುತ್ತದೆ ಎಂದು ಹೇಳಲಾಗದು.

“ಮಾಸ್ತರ, ಈ ಗಾಡಿ ಬ್ಯಾಡ,” ಅಂದ.

“ಇಷ್ಟು ದೂರ ಬಂದೀವಲ್ಲೋ,” ಅಂದೆ.

“ದೂರ ಬಂದೀವಿ ಅಂತ ನೀರು ಕುಡದ ಗಾಡ್ಯಾಗ ಅವ್ವನ್ನ ಕುಂಡ್ರಸ್ತೀಯೇನು?”

ಅಲ್ಲಿಂದ ಕರಾಡಕ್ಕೆ ಹೋಗಿ ಇನ್ನೊಂದು ಗಾಡಿ ನೋಡಿದೆವು. ಬಣ್ಣ ಮಾಸಿತ್ತು. ಗೆಳೆಯ ತಣ್ಣಗಿದ್ದ ಎಂಜಿನ್ ಶುರು ಮಾಡಿ ಹೊಗೆ ನೋಡಿದ. ಆರ್‌ಸಿಯಲ್ಲಿದ್ದ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ತಾಳೆ ಹಾಕಿದ. ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ನಮ್ಮಲ್ಲಿ ರಸ್ತೆ ತೆರಿಗೆ ಕಟ್ಟಬೇಕು. ಆ ಖರ್ಚನ್ನೂ ಲೆಕ್ಕ ಹಾಕಿದ ಮೇಲೆಯೇ “ಇದನ್ನ ತಗೋ” ಅಂದ.

ಕರಾಡದ ಹತ್ತಿರವೇ ಮಸೂರು ರೈಲು ನಿಲ್ದಾಣವಿದೆ. 1901ರಲ್ಲಿ ಬಾಲಕ ಭೀಮರಾವ್, ಗೋರೆಗಾಂವದಲ್ಲಿದ್ದ ತಂದೆಯ ಬಳಿ ಹೋಗಲು ಅಣ್ಣ ಮತ್ತು ಬಂಧು ಹುಡುಗರೊಂದಿಗೆ ಇಳಿದದ್ದು ಅಲ್ಲಿಯೇ. ಮಹಾರರೆಂದು ತಿಳಿದೊಡನೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಎರಡು ಪಟ್ಟು ಬಾಡಿಗೆ, ಎತ್ತು ಹೊಡೆಯುವವರು ಹುಡುಗರೇ, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು: ಇದು ಕೊನೆಗಾದ ಒಪ್ಪಂದ. ಬುತ್ತಿ ಕೈಯಲ್ಲಿದ್ದರೂ ಕುಡಿಯಲು ನೀರು ಸಿಗದೆ ಆ ಮಕ್ಕಳು ಹಸಿದೇ ಮಲಗಿದರು. ಇದನ್ನು ಬಾಬಾಸಾಹೇಬರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ.

ಆದ್ದರಿಂದ ನಮ್ಮ ಮನೆ ಮುಂದೆ ನಿಲ್ಲುವ ಗಾಡಿ ಆಡಂಬರವಲ್ಲ. ಯಾರ ಅಪ್ಪಣೆಯೂ ಇಲ್ಲದೆ ಅವ್ವ ಹತ್ತಿ ಕೂರುವ ಜಾಗ ಅದು. ಆದರೆ ಆಸೆ ಎಷ್ಟು ನ್ಯಾಯವೋ ಅಷ್ಟು ಬಲವಾಗಿರುತ್ತದೆ, ಕೆಸರಿನ ಗೆರೆ ಕಾಣದಂತೆ ಮಾಡುತ್ತದೆ. ಗಾಡಿಯಷ್ಟೇ ಅಲ್ಲ, ನಿವೇಶನ, ಸಾಲ, ಮಕ್ಕಳ ಮದುವೆ, ಎಲ್ಲದರಲ್ಲೂ ಹೀಗೆಯೇ. ಆಗ ಹೌದಪ್ಪಗಳು ಹತ್ತು ಜನ ಸಿಗುತ್ತಾರೆ. ಬೇಡ ಎನ್ನುವವನು ಒಬ್ಬನಾದರೂ ಬೇಕು.

ಹಾಗೆ ಬೇಡ ಎನ್ನಲು ಬರೀ ಪ್ರೀತಿ ಸಾಲದು. ಗೆಳೆಯ ಬೆಲ್ಟ್ ಎಳೆದು ಕಣ್ಣಿಗೆ ತೋರಿಸಿದ. ಧಮ್ಮವೂ ‘ಏಹಿಪಸ್ಸಿಕೋ’, ಬಂದು ನೋಡು ಎನ್ನುತ್ತದೆ. ಪ್ರಜ್ಞೆ ಮತ್ತು ಕರುಣೆ ಎರಡೂ ಕೂಡಿದವನೇ ಕಲ್ಯಾಣಮಿತ್ರ.

*ಇಂದಿನ ಅಭ್ಯಾಸ*
1. ನಿಮಗೆ ಬೇಡ ಎಂದು ಹೇಳಬಲ್ಲವರು ಯಾರು? ಅವರಿಗೆ ಇಂದು ಒಂದು ಫೋನ್ ಮಾಡಿ.
2. ನೀವು ಯಾರಿಗಾದರೂ ಬೇಡ ಎನ್ನಬೇಕಿದೆಯೇ? ಕಾರಣ ತೋರಿಸಿ, ಮೃದುವಾಗಿ ಹೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್.