ಹವ್ಯಾಸದ ಜೂಡೋ: ತಟ್ಟಲು ನಾಚಿಕೆ ಬೇಡ

ಊದಿದ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಬಂದ ಆ ಗೃಹಸ್ಥರಿಗೆ ವಯಸ್ಸು ಮೂವತ್ತೊಂಬತ್ತು. ಬ್ಯಾಂಕಿನಲ್ಲಿ ಕೆಲಸ. ಸ್ಕೂಟರಿನಿಂದ ಬಿದ್ದಿರಬೇಕೆಂದು ನಾನು ಊಹಿಸಿದ್ದೆ. ಕೇಳಿದಾಗ ಸ್ವಲ್ಪ ಸಂಕೋಚದಿಂದಲೇ, "ಇಲ್ಲ ಡಾಕ್ಟ್ರೇ, ಜೂಡೋ ಕ್ಲಾಸಿನಲ್ಲಿ ಆದದ್ದು" ಎಂದರು. ವಾರಕ್ಕೆ ಎರಡು ಸಂಜೆ ಜೂಡೋ, ಭಾನುವಾರ ಬೆಳಿಗ್ಗೆ ಬ್ರೆಜಿಲಿಯನ್ ಜಿಯು-ಜಿಟ್ಸು. ಎರಡು ವರ್ಷದಿಂದ ತಪ್ಪದೆ ನಡೆದಿದೆಯಂತೆ. ತೂಕ ಇಳಿದಿದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಮೊಣಕೈ ಮಾತ್ರ ಪೂರ್ತಿ ಮಡಿಸಲೂ ಆಗದು, ನೆಟ್ಟಗೆ ಚಾಚಲೂ ಆಗದು.

"ಹೇಗಾಯಿತು?"

"ಎದುರಿಗಿದ್ದವನು ಇಪ್ಪತ್ತರ ಹುಡುಗ. ನನ್ನ ಕೈ ಅವನ ತೊಡೆಗಳ ನಡುವೆ ಸಿಕ್ಕಿಹಾಕಿಕೊಂಡಿತು. ತಟ್ಟಬೇಕಿತ್ತು. ಇನ್ನೊಂದು ಕ್ಷಣ ತಡೆದರೆ ಬಿಡಿಸಿಕೊಳ್ಳಬಹುದು ಅನ್ನಿಸಿತು."

ಆ 'ಇನ್ನೊಂದು ಕ್ಷಣ'ದ ಬಗ್ಗೆ ಈ ವಾರ ಬರೆಯಬೇಕೆನಿಸಿದೆ. ನಡುವಯಸ್ಸಿನಲ್ಲಿ ಇಂಥ ಹವ್ಯಾಸ ಹಿಡಿದವರು ಇಂದು ಅಪರೂಪವಲ್ಲ. ಅವರನ್ನು ನಿರುತ್ಸಾಹಗೊಳಿಸುವುದು ನನ್ನ ಉದ್ದೇಶವೂ ಅಲ್ಲ.

ಮೊದಲು ಈ ಎರಡು ವಿದ್ಯೆಗಳ ಪರಿಚಯ. ಜಪಾನಿನ ಜಿಗೊರೊ ಕಾನೊ ಎಂಬ ಶಿಕ್ಷಣತಜ್ಞರು 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ, ಕೊಡೊಕಾನ್ ಎಂಬ ಶಾಲೆ ತೆರೆದರು. ಹಳೆಯ ಜುಜುತ್ಸು ಪಟ್ಟುಗಳಲ್ಲಿ ತೀರಾ ಅಪಾಯಕಾರಿಯಾದವನ್ನು ಅಭ್ಯಾಸದ ಸ್ಪರ್ಧೆಯಿಂದ ಹೊರಗಿಟ್ಟು, ಉಳಿದವನ್ನು ಪೂರ್ಣ ಬಲದಿಂದ ಆಡಬಹುದಾದ ಕ್ರಮಕ್ಕೆ ತಂದರು. ಅದೇ ಜೂಡೋ. 'ಜೂ' ಎಂದರೆ ಮೃದುತ್ವ, ಬಾಗುವಿಕೆ. ಈ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರ ಮೂಲಕ ವಿದ್ಯೆ ಅಲ್ಲಿನ ಗ್ರೇಸಿ ಮನೆತನಕ್ಕೆ ಬಂತು. ಅವರು ನೆಲದ ಮೇಲಿನ ಹೋರಾಟವನ್ನೇ ಹೆಚ್ಚಾಗಿ ಬೆಳೆಸಿದರು. ಸ್ಥೂಲವಾಗಿ ಹೇಳುವುದಾದರೆ ಜೂಡೋದಲ್ಲಿ ಎಸೆಯುವುದು ಮುಖ್ಯ, ಜಿಯು-ಜಿಟ್ಸುವಿನಲ್ಲಿ ನೆಲಕ್ಕೆ ಬಿದ್ದ ನಂತರದ ಹಿಡಿತ ಮುಖ್ಯ. ನಮ್ಮ ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಜಿಯು-ಜಿಟ್ಸುವಿನಲ್ಲಿ ಆಟ ಅಲ್ಲಿಂದಲೇ ಕಳೆಗಟ್ಟುತ್ತದೆ.

ಆರೋಗ್ಯದ ದೃಷ್ಟಿಯಿಂದ ಇದು ಒಳ್ಳೆಯ ವ್ಯಾಯಾಮ. ಹೃದಯ, ಶ್ವಾಸಕೋಶ, ಬೆನ್ನು, ಹಿಡಿಮುಷ್ಟಿ ಎಲ್ಲಕ್ಕೂ ಕೆಲಸ ಸಿಗುತ್ತದೆ, ಸಮತೋಲನ ಸುಧಾರಿಸುತ್ತದೆ. ದಿನವಿಡೀ ಕುರ್ಚಿಯಲ್ಲಿ ಕುಳಿತವರ ಮನಸ್ಸಿಗೂ ಹಿತ, ಯಾಕೆಂದರೆ ಒಬ್ಬರು ನಿಮ್ಮ ಕೊರಳುಪಟ್ಟಿ ಹಿಡಿದು ಎಳೆಯುತ್ತಿರುವಾಗ ಕಚೇರಿಯ ಚಿಂತೆಗೆ ಜಾಗವಿರುವುದಿಲ್ಲ. ಆದರೆ ಕೀಲು ತಿರುಚುವ, ಕತ್ತು ಅಮುಕುವ ಪಟ್ಟುಗಳಿರುವ ವಿದ್ಯೆಯಿದು. ಎದುರಾಳಿಯ ಮೈಯನ್ನೋ ನೆಲವನ್ನೋ ಅಂಗೈಯಿಂದ ಎರಡು ಸಲ ತಟ್ಟಿದರೆ 'ಸೋತೆ, ಬಿಡು' ಎಂದರ್ಥ. ಕೈ ಸಿಕ್ಕಿಹಾಕಿಕೊಂಡಿದ್ದರೆ ಕಾಲಿನಿಂದ ತಟ್ಟಬಹುದು, ಬಾಯಲ್ಲಿ ಹೇಳಬಹುದು. ಈ ಒಂದು ಸಂಕೇತದ ಮೇಲೆ ಇಡೀ ಅಭ್ಯಾಸದ ಸುರಕ್ಷತೆ ನಿಂತಿದೆ.

ಆ ಒಂದು ಕ್ಷಣದಲ್ಲಿ

ಮೊಣಕೈ ಬಾಗಿಲಿನ ಕೀಲಿನಂತೆ ಒಂದೇ ದಿಕ್ಕಿಗೆ ಮಡಿಸಿಕೊಳ್ಳುವ ಸಂಧಿ. ನೆಟ್ಟಗಾದ ನಂತರವೂ ಒತ್ತಡ ಮುಂದುವರಿದರೆ ಭಾರವೆಲ್ಲ ಸಂಧಿಯ ಮುಂಭಾಗದ ಪೊರೆಯ ಮೇಲೆ, ಒಳಬದಿಯ ಲಿಗಮೆಂಟ್ ಎಂಬ ಗಟ್ಟಿ ಪಟ್ಟಿಯ ಮೇಲೆ ಬೀಳುತ್ತದೆ. ಎದುರಾಳಿ ಬಳಸುವುದು ಸೊಂಟದ ಬಲ, ತಡೆಯುವುದು ನಿಮ್ಮ ಒಂದು ತೋಳು. ಹೀಗಾಗಿ ನೋವು ಶುರುವಾದದ್ದಕ್ಕೂ ಹರಿದದ್ದಕ್ಕೂ ನಡುವೆ ಸಿಗುವ ಸಮಯ ಬಹಳ ಕಡಿಮೆ. ಹೊಸಬರು ನೋವು ಬಂದ ಮೇಲೆ ತಟ್ಟುತ್ತಾರೆ. ಅನುಭವಿಗಳು ಪಟ್ಟು ಕೂಡಿಬಂತೆಂದು ಗೊತ್ತಾದ ಕೂಡಲೇ ತಟ್ಟಿ, ಎದ್ದು, ಮತ್ತೆ ಕೈ ಹಿಡಿಯುತ್ತಾರೆ.

ಹಾಗಾದರೆ ತಟ್ಟಲು ಏಕೆ ಹಿಂಜರಿಕೆ? ಅಭಿಮಾನ ಒಂದು ಕಾರಣ. ಇನ್ನೊಂದು, ಈ ವಿದ್ಯೆಯ ಸುತ್ತ ಹಬ್ಬಿದ ವೀರಕಥೆಗಳು. 1951ರ ಅಕ್ಟೋಬರಿನಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಮತ್ತು ಎಲಿಯೊ ಗ್ರೇಸಿ ಸೆಣಸಿದರು. ಕಿಮುರಾ ತಮಗಿಂತ ಬಹಳ ಹಗುರವಾಗಿದ್ದ ಗ್ರೇಸಿಯ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಗ್ರೇಸಿ ತಟ್ಟಲಿಲ್ಲ. ಮೂಳೆ ಮುರಿದ ಸದ್ದು ಕೇಳಿಸಿತೆಂದು ಕಿಮುರಾ ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೊನೆಗೆ ಗ್ರೇಸಿಯ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇಂದು ಬ್ರೆಜಿಲಿನಲ್ಲಿ ಮಾತ್ರವಲ್ಲ, ಎಲ್ಲೆಡೆ 'ಕಿಮುರಾ' ಎಂದೇ ಹೆಸರು.

ಧೈರ್ಯದ ಕಥೆಯೇನೋ ಸರಿ. ಆದರೆ ಮನೆತನದ ಗೌರವ ಪಣಕ್ಕಿಟ್ಟು, ತುಂಬಿದ ಕ್ರೀಡಾಂಗಣದಲ್ಲಿ ಆಡಿದವರ ಲೆಕ್ಕವೇ ಬೇರೆ. ಯಸುಹಿರೊ ಯಮಶಿತಾ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಮೀನಖಂಡದ ಸ್ನಾಯು ಹರಿದಿದ್ದರೂ ಕುಂಟುತ್ತಲೇ ಚಿನ್ನ ಗೆದ್ದರು. ಸೋಮವಾರ ಬೆಳಿಗ್ಗೆ ಬಸ್ಸಿನ ಕಂಬಿ ಹಿಡಿದು ಕಚೇರಿಗೆ ಹೋಗಬೇಕಾದವರು ಅವರನ್ನು ಮೆಚ್ಚಿಕೊಂಡರೆ ಸಾಕು, ಅನುಕರಿಸಬೇಕಾಗಿಲ್ಲ.

ಕಾಲಿನ ಪಟ್ಟುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಸ್ಪರ್ಧಾ ಜೂಡೋದಲ್ಲಿ ಕೀಲುಪಟ್ಟು ಮೊಣಕೈಗೆ ಮಾತ್ರ ಸೀಮಿತ. ಜಿಯು-ಜಿಟ್ಸುವಿನಲ್ಲಿ ಕಾಲಿಗೂ ಉಂಟು. ಹಿಮ್ಮಡಿಯನ್ನು ಕಂಕುಳಲ್ಲಿ ಸಿಕ್ಕಿಸಿ ತಿರುಚುವ ಪಟ್ಟು ನೋಡಲು ಪಾದದ್ದು, ಪೆಟ್ಟು ಬೀಳುವುದು ಮಾತ್ರ ಮೊಣಕಾಲಿನ ಲಿಗಮೆಂಟುಗಳಿಗೆ. ನೋವಿನ ಮುನ್ಸೂಚನೆ ಬರುವಷ್ಟರಲ್ಲಿ ಅವು ಹರಿದಿರಬಹುದು. ಪ್ರಮುಖ ಜಿಯು-ಜಿಟ್ಸು ಸ್ಪರ್ಧೆಗಳಲ್ಲಿ 2021ರಿಂದ ಇದಕ್ಕೆ ಅನುಮತಿ ಇದ್ದರೂ, ಅದು ಜೂಡೋ ಅಂಗಿ ತೊಡದೆ ಆಡುವ ಕಂದು ಮತ್ತು ಕಪ್ಪು ಪಟ್ಟಿಯ ವಯಸ್ಕರಿಗೆ ಮಾತ್ರ. ಬಿಳಿಪಟ್ಟಿಯವರು ದೂರವಿರುವುದೇ ಲೇಸು.

ಕತ್ತಿನ ಪಟ್ಟಿನ ವಿಷಯ ಬೇರೆ. ಸರಿಯಾಗಿ ಹಾಕಿದ ಪಟ್ಟು ಶ್ವಾಸನಾಳವನ್ನು ಒತ್ತುವುದಿಲ್ಲ. ಕತ್ತಿನ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೊಟಿಡ್ ಧಮನಿಗಳನ್ನು ಒತ್ತುತ್ತದೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಕೂಡಲೇ ಬಿಟ್ಟರೆ ಸಾಮಾನ್ಯವಾಗಿ ಅಷ್ಟೇ ಬೇಗ ಎಚ್ಚರ ಬರುತ್ತದೆ. ಇಲ್ಲಿ ನೋವೇ ಇಲ್ಲದಿರಬಹುದು. ಕಣ್ಣು ಮಂಜಾದರೆ, ಕಿವಿಯಲ್ಲಿ ಗುಂಯ್ ಎಂದರೆ ಆಗಲೇ ತಡವಾಗಿದೆ. ಎಚ್ಚರ ತಪ್ಪಿದವರನ್ನು ಅಂಗಾತ ಮಲಗಿಸಿ, ಉಸಿರಾಟ ಗಮನಿಸಿ. ಅರ್ಧ ನಿಮಿಷದೊಳಗೆ ಎಚ್ಚರವಾಗದಿದ್ದರೆ ಆಸ್ಪತ್ರೆಗೆ ಸಾಗಿಸಿ. ಎಚ್ಚರವಾದವರು ಅಂದು ಮತ್ತೆ ಆಡಕೂಡದು.

ತೀರಾ ಅಪರೂಪವಾಗಿ ಕತ್ತಿನ ಧಮನಿಯ ಒಳಪದರ ಸೀಳಿ, ಗಂಟೆಗಳೋ ದಿನಗಳೋ ಕಳೆದ ಮೇಲೆ ಪಾರ್ಶ್ವವಾಯು ಆದದ್ದುಂಟು. ಅಭ್ಯಾಸದ ನಂತರ ಹಿಂದೆಂದೂ ಕಾಣದ, ಕತ್ತಿನ ಒಂದೇ ಬದಿಯ ನೋವು, ಹೊಸ ಬಗೆಯ ತಲೆನೋವು, ಒಂದು ಕಣ್ಣಿನ ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಕಂಡರೆ ಉಳುಕೆಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಅದೇ ಗಳಿಗೆ ಆಸ್ಪತ್ರೆಗೆ ಹೋಗಿ, ಕತ್ತು ಅಮುಕಿದ್ದರೆಂಬುದನ್ನೂ ವೈದ್ಯರಿಗೆ ತಿಳಿಸಿ.

ಬೀಳುವ ಪಾಠ

ಆ ಗೃಹಸ್ಥರ ಒತ್ತಾಯಕ್ಕೆ ಒಂದು ಸಂಜೆ ಅವರ ಕ್ಲಾಸನ್ನು ನೋಡಿ ಬಂದೆ. ಮೊದಲ ಇಪ್ಪತ್ತು ನಿಮಿಷ ಯಾರೂ ಯಾರನ್ನೂ ಎಸೆಯಲಿಲ್ಲ. ಎಲ್ಲರೂ ಸುಮ್ಮನೆ ಬೀಳುತ್ತಿದ್ದರು: ಹಿಂದಕ್ಕೆ, ಪಕ್ಕಕ್ಕೆ, ಉರುಳುತ್ತ ಮುಂದಕ್ಕೆ. ಇದಕ್ಕೆ ಉಕೆಮಿ ಎನ್ನುತ್ತಾರೆ. ಗಲ್ಲವನ್ನು ಎದೆಗೆ ಒತ್ತಿ ಸೊಂಟದ ಪಟ್ಟಿಯ ಗಂಟನ್ನು ನೋಡಬೇಕು, ಉಸಿರು ಬಿಡಬೇಕು, ಚಾಚಿದ ತೋಳಿನಿಂದ ಚಾಪೆಯನ್ನು ಬಡಿಯಬೇಕು. ಬಿದ್ದ ಪೆಟ್ಟು ಮೈಯೆಲ್ಲ ಹರಡಿ, ತಲೆ ಮಾತ್ರ ನೆಲ ಮುಟ್ಟುವುದಿಲ್ಲ. ಅಂಗೈ ಊರಿ ಬಿದ್ದರೆ ಮಣಿಕಟ್ಟೋ ಭುಜದ ಕೊರಳೆಲುಬೋ ಮುರಿದೀತು. ನನ್ನಂಥವನಿಗೆ ಇದು ನೋಡಲು ಬೇಸರದ ಪಾಠ. ಕಲಿಯುವವರಿಗೂ ಬೇಸರವಂತೆ. ಹಾಗಾಗಿಯೇ ಇದನ್ನು ಬೇಗ ಮುಗಿಸಿ ಎಸೆತಕ್ಕೆ ಹೋಗುವ ಆತುರ.

ಆ ಆತುರಕ್ಕೆ ತೆತ್ತ ಬೆಲೆಯನ್ನು ಜೂಡೋದ ತವರಿನಲ್ಲೇ ಕಾಣಬಹುದು. ಜಪಾನಿನ ಶಾಲೆಗಳಲ್ಲಿ 1983ರಿಂದ ಸುಮಾರು ಮೂರು ದಶಕಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಜೂಡೋ ಅಭ್ಯಾಸದಲ್ಲಿ ಸತ್ತರು. ಬಹಳಷ್ಟು ಸಾವುಗಳಿಗೆ ತಲೆಯ ಪೆಟ್ಟು ಕಾರಣ, ಸತ್ತವರಲ್ಲಿ ಅನೇಕರು ಹೊಸದಾಗಿ ಸೇರಿದವರು. 2012ರಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಸಮರಕಲೆಗಳ ಪಾಠ ಕಡ್ಡಾಯವಾದಾಗ ಈ ಅಂಕಿ ಅಂಶ ದೊಡ್ಡ ಚರ್ಚೆ ಎಬ್ಬಿಸಿತು. ಹತ್ತು ವರ್ಷದ ನಂತರ, 2022ರಲ್ಲಿ, ಏನಾದರೂ ಮಾಡಿ ಗೆಲ್ಲಬೇಕೆಂಬ ಹಿರಿಯರ ಹಟ ಮಿತಿಮೀರಿದೆಯೆಂದು ಜೂಡೋ ಒಕ್ಕೂಟವೇ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ಪಂದ್ಯಾವಳಿಯನ್ನು ಕೈಬಿಟ್ಟಿತು.

ತಲೆ ನೆಲಕ್ಕೆ ಬಡಿಯಲೇಬೇಕೆಂದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಹಿಂದಕ್ಕೆ ಬೀಳುವಾಗ ಕತ್ತು ರಭಸದಿಂದ ಒಲೆದರೆ, ಮಿದುಳಿಗೂ ಅದರ ಗಟ್ಟಿ ಹೊದಿಕೆಗೂ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಹರಿಯಬಹುದು. ರಕ್ತ ನಿಧಾನವಾಗಿ ಶೇಖರವಾಗುತ್ತದೆ. ಬಿದ್ದವರು ಎದ್ದು, "ಏನೂ ಆಗಿಲ್ಲ" ಎಂದು ಮನೆಗೆ ಹೋಗಿರುತ್ತಾರೆ. ಹೆಚ್ಚುತ್ತ ಹೋಗುವ ತಲೆನೋವು, ವಾಂತಿ, ಅತಿಯಾದ ಮಂಪರು, ತೊದಲು, ಕೈಕಾಲಿನ ಬಲಹೀನತೆ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಅಪಾಯ ಹೆಚ್ಚು. ಇಂಥವರು ಎಸೆತದ ಅಭ್ಯಾಸಕ್ಕೆ ಇಳಿಯುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು.

ಸಾಧಾರಣ ಪೆಟ್ಟಿನಿಂದ ಕೇವಲ ತಲೆ ಸುತ್ತು, ಗೊಂದಲ ಉಂಟಾಗಿದ್ದರೂ ಅಂದು ಆಟ ನಿಲ್ಲಿಸಿ, ಒಂದೆರಡು ದಿನ ವಿಶ್ರಾಂತಿ ಪಡೆಯಿರಿ. ಆಮೇಲೆ ನಡಿಗೆ, ಲಘು ವ್ಯಾಯಾಮ, ಎಸೆತವಿಲ್ಲದ ಅಭ್ಯಾಸ ಎಂದು ಹಂತ ಹಂತವಾಗಿ ಮರಳಿ. ಲಕ್ಷಣಗಳೆಲ್ಲ ಹೋಗಿ ವೈದ್ಯರು ಒಪ್ಪುವವರೆಗೆ ಯಾರೂ ನಿಮ್ಮನ್ನು ಎಸೆಯಕೂಡದು.

ಮೊಣಕಾಲಿಗೆ ಇನ್ನೊಂದು ಶತ್ರುವಿದೆ: ಬೇರೆಯವರ ಮೈಭಾರ. ಕತ್ತರಿಯಂತೆ ಎರಡು ಕಾಲುಗಳ ನಡುವೆ ಎದುರಾಳಿಯನ್ನು ಸಿಕ್ಕಿಸಿ ಕೆಡವುವ ಪಟ್ಟೊಂದಿತ್ತು. ಮೇಲೆ ಹೇಳಿದ ಯಮಶಿತಾ ಅವರ ಕಾಲಿನ ಮೂಳೆ 1980ರಲ್ಲಿ ಮುರಿದದ್ದು ಅದರಿಂದಲೇ. ಜೂಡೋ ಸ್ಪರ್ಧೆಗಳಲ್ಲಿ ಈಗ ಅದು ನಿಷಿದ್ಧ. ಕಿಕ್ಕಿರಿದ ಚಾಪೆಯಲ್ಲಿ ಪಕ್ಕದ ಜೋಡಿ ನಿಮ್ಮ ಕಾಲಮೇಲೆ ಬೀಳುವುದೂ ಉಂಟು. ಜಾಗವಿಲ್ಲದಿದ್ದರೆ ಒಂದು ಸರದಿ ಬಿಟ್ಟು ಕೂರುವುದೇ ಮೇಲು.

ಚರ್ಮ ಮತ್ತು ಕಿವಿ

ಒಬ್ಬರ ಬೆವರು ಇನ್ನೊಬ್ಬರಿಗೆ ತಾಗುವ ಆಟದಲ್ಲಿ ಹುಳುಕಡ್ಡಿ ಬೇಗ ಹರಡುತ್ತದೆ. 2000ದ ನಂತರ ಜಪಾನಿನ ಜೂಡೋ ತಂಡಗಳಲ್ಲಿ ಒಂದು ಬಗೆಯ ಶಿಲೀಂಧ್ರ ಹೀಗೆಯೇ ಹಬ್ಬಿ ವೈದ್ಯರಿಗೆ ತಲೆನೋವಾಗಿತ್ತು. ನಮ್ಮ ದೇಶದಲ್ಲಂತೂ ಔಷಧಿಗೆ ಬಗ್ಗದ ಹುಳುಕಡ್ಡಿ ಹೆಚ್ಚುತ್ತಿದೆ. ಸ್ಟೀರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯಿಂದ ತಾವೇ ತಂದು ಹಚ್ಚುವ ಚಟ ಇದಕ್ಕೊಂದು ಮುಖ್ಯ ಕಾರಣ. ಉರಿ ಎರಡು ದಿನದಲ್ಲಿ ಶಮನವಾಗುತ್ತದೆ, ಶಿಲೀಂಧ್ರ ಒಳಗೊಳಗೇ ಬೆಳೆಯುತ್ತದೆ. ಉಂಗುರದಾಕಾರದ ತುರಿಕೆ, ಕೀವುಗುಳ್ಳೆ, ನೀರುಗುಳ್ಳೆಯ ಗೊಂಚಲು ಕಂಡರೆ ಚರ್ಮವೈದ್ಯರಿಗೆ ತೋರಿಸಿ, ಗುಣವಾಗುವವರೆಗೆ ಚಾಪೆ ಹತ್ತಬೇಡಿ. ಪ್ರತಿ ಅಭ್ಯಾಸಕ್ಕೂ ಒಗೆದು ಒಣಗಿಸಿದ ಉಡುಪು, ಮುಗಿದ ಕೂಡಲೇ ಸ್ನಾನ, ಕತ್ತರಿಸಿದ ಉಗುರು, ಶೌಚಾಲಯಕ್ಕೆ ಹೋಗುವಾಗ ಚಪ್ಪಲಿ. ಇಷ್ಟು ಪಾಲಿಸದ ಕ್ಲಾಸಿನಲ್ಲಿ ಗುರು ಎಷ್ಟೇ ದೊಡ್ಡವರಿದ್ದರೂ ನಾನಾದರೆ ಸೇರಲಾರೆ.

ಕಿವಿಯ ಹಾಲೆ ಉಜ್ಜಿ ಉಜ್ಜಿ ಊದಿಕೊಂಡರೆ ಒಳಗೆ ರಕ್ತ ತುಂಬಿದೆ ಎಂದರ್ಥ. ಎರಡು ಮೂರು ದಿನದೊಳಗೆ ವೈದ್ಯರು ಅದನ್ನು ತೆಗೆದು ಬಿಗಿಯಾಗಿ ಕಟ್ಟಿದರೆ ಕಿವಿ ಮೊದಲಿನಂತಾಗುತ್ತದೆ. ಬಿಟ್ಟರೆ ಹೂಕೋಸಿನಂತೆ ಗಂಟುಗಟ್ಟಿ ಹಾಗೆಯೇ ಉಳಿಯುತ್ತದೆ. ಕೆಲವು ಹುಡುಗರು ಅದನ್ನೇ ಪದಕದಂತೆ ಮೆರೆಸುತ್ತಾರಂತೆ. ಅವರಿಷ್ಟ.

ನಲವತ್ತರ ಆಸುಪಾಸಿನಲ್ಲಿ ಆರಂಭಿಸುವವರು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಂಡು, ಎದೆನೋವು, ಏದುಸಿರಿನ ಹಿನ್ನೆಲೆ ಇದ್ದರೆ ಹೃದಯ ತಪಾಸಣೆಯನ್ನೂ ಮಾಡಿಸಿಕೊಳ್ಳಲಿ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಬಿಡುವು. ಇಪ್ಪತ್ತರ ಹುಡುಗನ ಜೊತೆ ಆಡುವಾಗ, "ನಿಧಾನಕ್ಕೆ ಆಡೋಣಪ್ಪ" ಎಂದು ಮೊದಲೇ ಹೇಳುವುದರಲ್ಲಿ ಅವಮಾನವಿಲ್ಲ. ಹೇಳಿದರೂ ಕೇಳದವರ ಜೊತೆ ಆಡಬೇಡಿ.

ಇನ್ನು ನಮ್ಮ ಬ್ಯಾಂಕಿನವರ ಸಂಗತಿ. ಎಕ್ಸ್-ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕೈಗೆ ಜೋಳಿಗೆ. ನಂತರ ನೋವಿನ ಮಿತಿಯೊಳಗೆ ಮಡಿಸಿ ಚಾಚುವ ವ್ಯಾಯಾಮ. ಮನೆಯವರು ಉಳುಕು ತಿಕ್ಕಿಸಲು ಕರೆದೊಯ್ಯುವುದರಲ್ಲಿದ್ದರು, ತಡೆದೆ. ಗಾಯಗೊಂಡ ಮೊಣಕೈಯನ್ನು ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಶಾಶ್ವತವಾಗಿ ಬಿಗಿದುಕೊಳ್ಳಬಹುದು. ಹತ್ತು ವಾರಗಳಾದ ಮೇಲೆ ಬಂದಾಗ ಕೈ ಬಹುತೇಕ ನೆಟ್ಟಗಾಗಿತ್ತು, ಕೊನೆಯ ಕೆಲವು ಡಿಗ್ರಿ ಮಾತ್ರ ಬಾಕಿ. ಅಷ್ಟರಲ್ಲಾಗಲೇ ಬೀಳುವ ಅಭ್ಯಾಸಕ್ಕೆ ಹೋಗತೊಡಗಿದ್ದರು. ಆ ಹುಡುಗನೇ ಪ್ರತಿ ಸಲವೂ, "ಸಾರ್, ಮೊದಲೇ ತಟ್ಟಿ" ಎಂದು ನೆನಪಿಸುತ್ತಾನಂತೆ.