ಸೋಂಕು ಬೇರೆ, ರೋಗ ಬೇರೆ: ಒಂದು ವಿರಳ ರಕ್ತಕ್ಯಾನ್ಸರಿನ ವಿಚಾರ

ವ್ಯಾಧಿಯ ಚಿಕಿತ್ಸೆಗೆ ಕೈಹಾಕುವ ಮುನ್ನ ಅದರ ಸಾಧ್ಯಾಸಾಧ್ಯತೆಯನ್ನು ವಿಚಾರಿಸಬೇಕೆಂಬುದು ಆಯುರ್ವೇದದ ಮೊದಲ ಪಾಠಗಳಲ್ಲೊಂದು. ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ಚರಕಸಂಹಿತೆಯು ರೋಗಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಆದರೆ ಪರೀಕ್ಷಾ ವರದಿಯನ್ನು ಕೈಯಲ್ಲಿ ಹಿಡಿದು ಬಂದವರು ಕೇಳುವ ಪ್ರಶ್ನೆ ಒಂದೇ: "ರಕ್ತದಲ್ಲಿ ವೈರಸ್ ಇದೆಯಂತೆ, ಇನ್ನೆಷ್ಟು ದಿನ?" ಸೋಂಕು ತಗುಲುವುದಕ್ಕೂ ರೋಗ ಬರುವುದಕ್ಕೂ ನಡುವೆ ಎಷ್ಟು ದೂರವಿರಬಲ್ಲದು ಎಂಬುದನ್ನು ಜಪಾನಿನಲ್ಲಿ ಕಂಡುಬಂದ ಒಂದು ರಕ್ತಕ್ಯಾನ್ಸರು ಚೆನ್ನಾಗಿ ತಿಳಿಸುತ್ತದೆ.

1977ರಲ್ಲಿ ಕಿಯೋಶಿ ತಕಾತ್ಸುಕಿ ಮತ್ತು ಅವರ ಸಂಗಡಿಗ ವೈದ್ಯರು ಈ ಕಾಯಿಲೆಯನ್ನು ಪ್ರತ್ಯೇಕ ರೋಗವೆಂದು ವರ್ಣಿಸಿ, ವಯಸ್ಕರ ಟಿ-ಜೀವಕೋಶ ಲ್ಯುಕೇಮಿಯಾ ಎಂದು ಕರೆದರು. ಸೂಕ್ಷ್ಮದರ್ಶಕದಲ್ಲಿ ರೋಗಗ್ರಸ್ತ ಬಿಳಿ ರಕ್ತಕಣದ ಕೇಂದ್ರವು ಹೂವಿನ ಎಸಳುಗಳಂತೆ ಸೀಳಿಕೊಂಡು ಕಾಣುತ್ತದೆ. ಕಣ್ಣಿಗೆ ಚೆಲುವಾದದ್ದೆಲ್ಲ ಶುಭವಲ್ಲ! ರೋಗಿಗಳಲ್ಲಿ ಬಹುಪಾಲು ಜನ ನೈಋತ್ಯದ ಕ್ಯೂಶೂ ದ್ವೀಪದಲ್ಲಿ ಹುಟ್ಟಿದವರೆಂಬುದನ್ನು ವೈದ್ಯರು ಗಮನಿಸಿದರು. ಒಂದೇ ಸೀಮೆಯವರಿಗೆ ಒಂದೇ ರೋಗವೆಂದರೆ ಅಲ್ಲಿ ಸಾಮಾನ್ಯ ಕಾರಣವೊಂದು ಇರಲೇಬೇಕಷ್ಟೆ. 1980ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೋ ಅವರ ಪ್ರಯೋಗಾಲಯವು ಎಚ್‌ಟಿಎಲ್‌ವಿ-1 ಎಂಬ ವೈರಸ್ಸನ್ನು ವರದಿ ಮಾಡಿತು. ಮರುವರ್ಷ ಯೋರಿಯೋ ಹಿನುಮಾ ಅವರ ತಂಡವು ಜಪಾನೀ ರೋಗಿಗಳ ರಕ್ತದಲ್ಲಿ ಅಂಥ ಸೋಂಕಿನ ಗುರುತನ್ನು ತೋರಿಸಿತು.

ಜಪಾನಿನಲ್ಲಿ ಈ ಸೋಂಕುಳ್ಳವರು ಸುಮಾರು 10 ಲಕ್ಷ ಮಂದಿ ಎಂದು ಅಂದಾಜು ಮಾಡಲಾಗಿತ್ತು. ಅವರಲ್ಲಿ ಜೀವಮಾನದಲ್ಲಿ ಈ ಕ್ಯಾನ್ಸರಿಗೆ ತುತ್ತಾಗುವವರು ನೂರಕ್ಕೆ 3ರಿಂದ 5 ಮಂದಿ ಮಾತ್ರ. ಅದೂ ಸೋಂಕು ತಗುಲಿದ ಎಷ್ಟೋ ದಶಕಗಳ ಮೇಲೆ. ಉಳಿದ ಬಹುತೇಕರು ಈ ಕ್ಯಾನ್ಸರಿನ ಸುಳಿವೇ ಇಲ್ಲದೆ ಬಾಳುತ್ತಾರೆ. ಹಾಗಾದರೆ ಅಪಾಯ ಯಾರಿಗೆ? ಬಿಳಿ ಕಣಗಳ ವಂಶತಂತುವಿನೊಳಗೆ ವೈರಸ್ಸು ಎಷ್ಟು ಪ್ರಮಾಣದಲ್ಲಿ ಸೇರಿಕೊಂಡಿದೆ ಎಂಬುದನ್ನು ಅಳೆಯಬಹುದು. 2010ರಲ್ಲಿ ಪ್ರಕಟವಾದ ಜಪಾನೀ ಅಧ್ಯಯನದಲ್ಲಿ 1,218 ಸೋಂಕಿತರನ್ನು ಗಮನಿಸಲಾಗಿ, ಅವರಲ್ಲಿ ರೋಗಕ್ಕೀಡಾದವರು 14 ಮಂದಿ. ಅವರೆಲ್ಲರಲ್ಲೂ ಆ ಪ್ರಮಾಣವು ಮೊದಲೇ ನೂರು ಕಣಗಳಿಗೆ 4ನ್ನು ಮೀರಿತ್ತು. ಪ್ರಮಾಣ ಹೆಚ್ಚಿದ್ದವರೆಲ್ಲರಿಗೂ ರೋಗ ಬರಲಿಲ್ಲವೆಂಬುದನ್ನೂ ಮರೆಯಬಾರದು.

ರೋಗ ಬಂದ ಮೇಲೆ ಮಾತೇ ಬೇರೆ. ಅದರಲ್ಲಿ ನಾಲ್ಕು ಬಗೆಗಳುಂಟು: ಹೊಗೆಯಾಡುವ ಬಗೆ, ದೀರ್ಘಕಾಲೀನ ಬಗೆ, ಗ್ರಂಥಿಗಳಲ್ಲಿ ಗಡ್ಡೆಯಾಗುವ ಬಗೆ, ತೀವ್ರ ಬಗೆ. 1991ರಲ್ಲಿ ಪ್ರಕಟವಾದ ವಿವರದಂತೆ ತೀವ್ರ ಬಗೆಯ ರೋಗಿಗಳಲ್ಲಿ ಅರ್ಧದಷ್ಟು ಜನ ಸುಮಾರು 6 ತಿಂಗಳೊಳಗೇ ತೀರಿಕೊಂಡಿದ್ದರು. ದೀರ್ಘಕಾಲೀನ ಬಗೆಯಲ್ಲಿ ಆ ಅವಧಿ ಸುಮಾರು 2 ವರ್ಷ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಂಕು, ಮಲಬದ್ಧತೆ ತೋರಿದರೆ ಅದು ಕೆಟ್ಟ ಲಕ್ಷಣ. ರೋಗನಿರೋಧಕ ಕಣಗಳೇ ಕೆಡುವುದರಿಂದ ಬೇರೆ ಸೋಂಕುಗಳು ನುಗ್ಗುತ್ತವೆ. ಅನೇಕರ ಪ್ರಾಣ ಹೋಗುವುದು ಅವುಗಳಿಂದಲೇ.

ವೈರಸ್ಸಿನಿಂದ ಹುಟ್ಟಿದ ರೋಗವಾದ್ದರಿಂದ ವೈರಸ್ಸನ್ನು ಕೊಂದರೆ ಸಾಕಲ್ಲವೇ ಎಂದರೆ, ಅಷ್ಟು ಸರಳವಲ್ಲ. ಅದು ಆರಂಭದಲ್ಲಿ ಬಳಸಿದ ಪ್ರೋಟೀನನ್ನು ಕ್ಯಾನ್ಸರು ಬಲಿತ ಮೇಲೆ ಎಷ್ಟೋ ಕಣಗಳಲ್ಲಿ ಅಡಗಿಸಿಬಿಡುತ್ತದೆ. ಕಿಚ್ಚು ಹಚ್ಚಿದವನು ಮರೆಯಾದರೂ ಮನೆ ಉರಿಯುತ್ತಲೇ ಇರುವಂತೆ. ಆದರೂ ಜಿಡೊವುಡಿನ್ ಎಂಬ ವೈರಸ್-ವಿರೋಧಿ ಔಷಧವನ್ನು ಇಂಟರ್‌ಫೆರಾನ್ ಜತೆ ಕೊಟ್ಟಾಗ ದೀರ್ಘಕಾಲೀನ ಹಾಗೂ ಹೊಗೆಯಾಡುವ ಬಗೆಗಳಲ್ಲಿ ಒಳ್ಳೆಯ ಫಲ ಕಂಡಿದೆ. ಗ್ರಂಥಿಗಡ್ಡೆಯ ಬಗೆಯಲ್ಲಿ ಅದು ಅಷ್ಟಾಗಿ ಕೆಲಸ ಮಾಡದು. ಆಕರಕೋಶ ಕಸಿಯಿಂದ ಬದುಕುಳಿದವರಿದ್ದಾರೆ. ಮಿಯಾಗಿ ಪ್ರಾಂತದ ಮಾಜಿ ಗವರ್ನರ್ ಶಿರೋ ಅಸಾನೋ ಅವರು 2009ರಲ್ಲಿ ತಮ್ಮ ರೋಗವನ್ನು ಬಹಿರಂಗಪಡಿಸಿ, ಕಸಿ ಮಾಡಿಸಿಕೊಂಡು ಚೇತರಿಸಿಕೊಂಡರು. ಇಂಥ ರೋಗಕ್ಕೆ ಕಷಾಯ ಕೊಡಿರೆಂದು ನನ್ನ ಬಳಿ ಬಂದರೆ ನಾನು ಕೊಡುವುದಿಲ್ಲ. ರಕ್ತರೋಗ ತಜ್ಞರಲ್ಲಿಗೆ ಆ ದಿನವೇ ಕಳಿಸುತ್ತೇನೆ. ತಡಮಾಡಿಸುವುದು ವೈದ್ಯಧರ್ಮವಲ್ಲ.

ಇನ್ನು ನಿದಾನಪರಿವರ್ಜನ, ಎಂದರೆ ಕಾರಣವನ್ನೇ ದೂರವಿಡುವುದು. ಸ್ತನ್ಯವೇ ಅಮೃತವೆಂದು ನೂರಾರು ಬಾಣಂತಿಯರಿಗೆ ಹೇಳುತ್ತ ಬಂದ ನನಗೆ ಮುಂದಿನದನ್ನು ಬರೆಯುವಾಗ ಕೈ ತಡೆಯುತ್ತದೆ. ಈ ವೈರಸ್ಸು ರಕ್ತ ಮತ್ತು ದೈಹಿಕ ಸಂಪರ್ಕದಿಂದಲ್ಲದೆ ಮುಖ್ಯವಾಗಿ ಸೋಂಕುಳ್ಳ ತಾಯಿಯ ಹಾಲಿನಿಂದ ದಾಟುತ್ತದೆ. ಬಹುಕಾಲ ಮೊಲೆಯುಣಿಸಿದಾಗ ನೂರಕ್ಕೆ ಸುಮಾರು 20 ಶಿಶುಗಳಿಗೆ ಸೋಂಕು ತಗುಲಿದರೆ, ಪುಡಿಹಾಲು ಕೊಟ್ಟಾಗ ಅದು ಸುಮಾರು 3ಕ್ಕೆ ಇಳಿಯಿತು. ಸೋಂಕಿಲ್ಲದ ತಾಯಂದಿರಿಗೆ ಈ ಮಾತು ಅನ್ವಯಿಸದು. ಅವರು ನಿಶ್ಚಿಂತೆಯಿಂದ ಹಾಲೂಡಿಸಲಿ. ನಾಗಸಾಕಿ ಪ್ರಾಂತದಲ್ಲಿ 1987ರಿಂದ ಗರ್ಭಿಣಿಯರ ರಕ್ತಪರೀಕ್ಷೆ ಆರಂಭವಾಗಿ, 2011ರ ಹೊತ್ತಿಗೆ ಅದು ದೇಶಕ್ಕೆಲ್ಲ ವಿಸ್ತರಿಸಿತು. ಈ ಕ್ಯಾನ್ಸರು ಅಲ್ಲಿ ಸಾಮಾನ್ಯವಾಗಿ ಕಾಣಿಸುವುದು ಅರವತ್ತು ದಾಟಿದವರಲ್ಲಿ. ನಾಗಸಾಕಿಯ ಆ ಮೊದಲ ಶಿಶುಗಳು ಇನ್ನೂ ಆ ವಯಸ್ಸಿಗೆ ಬಂದಿಲ್ಲ.